ಅತ್ತಿಗೆ ಚಟ್ನಿಪುಡಿ ಬಿಸಿನೆಸ್: ಪ್ಯಾಕೆಟ್‌ಗೆ 20 ರೂ ಲಾಭ ಅಂತಾರೆ, ಕೈಯಲ್ಲಿ ಮಾತ್ರ ಏನೂ ಉಳೀತಿಲ್ಲ

ಸವಿ_ಗದಗ

ಎಲ್ರಿಗೂ ನಮಸ್ಕಾರ. ನಮ್ಮತ್ತಿಗೆ ಗದಗದಲ್ಲಿ ಶೇಂಗಾ ಚಟ್ನಿಪುಡಿ, ಅಗಸಿ ಪುಡಿ, ಗುರೆಳ್ಳು ಪುಡಿ ಮಾಡಿ ಅಂಗಡಿಗಳಿಗೆ ಹಾಕ್ತಾರೆ. ಮೊದ್ಲು ನಾನು ಬೆಂಗ್ಳೂರಿಗೆ ತಂದು ಆಫೀಸಲ್ಲಿ ಹಂಚ್ತಿದ್ದೆ, ಆಮೇಲೆ ಎಲ್ರೂ ದುಡ್ಡು ಕೊಟ್ಟು ತರ್ಸ್ಕೊಳಕ್ಕೆ ಶುರು ಮಾಡಿದ್ರು, ಹಾಗೇ ಬೆಳೀತು. ಈಗ ವಾರಕ್ಕೆ ಸುಮಾರು ನೂರು ಪ್ಯಾಕೆಟ್ ಹೋಗುತ್ತೆ, 250 ಗ್ರಾಂದು. ಅಂಗಡಿಗೆ 80ಕ್ಕೆ ಕೊಡ್ತಾರೆ, ಅವ್ರು 100ಕ್ಕೆ ಮಾರ್ತಾರೆ. ಅತ್ತಿಗೆ ಲೆಕ್ಕ ಏನಂದ್ರೆ ಸಾಮಾನು 52, ಕವರ್ ಸ್ಟಿಕ್ಕರ್ 8, ಉಳಿದ 20 ಲಾಭ. ಆ ಲೆಕ್ಕದಲ್ಲಿ ತಿಂಗ್ಳಿಗೆ ಎಂಟು ಸಾವಿರ ಕಾಣ್ಬೇಕು. ಕಾಣಲ್ಲ. ಶೇಂಗಾ ತರಕ್ಕೆ ಮತ್ತೆ ಅಣ್ಣನ ಹತ್ರಾನೇ ಕೈಚಾಚ್ತಾರೆ, ಅವ್ನು "ನಿಂದು ಟೈಮ್‌ಪಾಸು, ಗ್ಯಾಸ್ ನಂದು" ಅಂತ ಆಡ್ಕೋತಾನೆ.

ಬಿಸಿನೆಸ್ ಕಟ್ಟಿರೋ ಹೆಂಗಸ್ರು ಇಲ್ಲಿ ತುಂಬಾ ಜನ ಇದೀರಿ ಅಂತ ಗೊತ್ತು. ಕೇಳ್ತಿರೋದು ಒಂದೇ, ಶುರುವಲ್ಲಿ ನೀವು ಲೆಕ್ಕ ಹೇಗೆ ಇಟ್ರಿ, ರೇಟ್ ಹೇಗೆ ಫಿಕ್ಸ್ ಮಾಡಿದ್ರಿ? ಗ್ಯಾರೇಜಲ್ಲಿ ಶುರು ಮಾಡಿ ಸಾವಿರಾರು ಕೋಟಿ ಕಟ್ಟಿದ್ರು ಅನ್ನೋ ವಾಟ್ಸಾಪ್ ಫಾರ್ವರ್ಡ್ ಮಾತ್ರ ದಯವಿಟ್ಟು ಬೇಡ, ನಮ್ಮನೇಲಿ ಗ್ಯಾರೇಜೇ ಇಲ್ಲ 😄

ಲೆಕ್ಕದ_ಬುಕ್

ಸವಿ, ನಾನು ಮೈಸೂರಲ್ಲಿ ಸಾರಿನ ಪುಡಿ, ಹುಳಿ ಪುಡಿ, ವಾಂಗೀಬಾತ್ ಪುಡಿ ಮಾಡ್ತೀನಿ, ಕೆಲ್ಸಕ್ಕೆ ನಾಲ್ಕು ಜನ ಇದಾರೆ. ನಿಮ್ಮತ್ತಿಗೆ ಲೆಕ್ಕದಲ್ಲಿ ಎಲ್ಲಾ ಇದೆ, ನಿಮ್ಮತ್ತಿಗೆನೇ ಇಲ್ಲ. ಅವ್ರ ಕೂಲಿ ಎಲ್ಲಿ?

ಕೂತ್ಕೊಂಡು ಹಾಕಿ ನೋಡೋಣ. 5 ಕೆಜಿ ಶೇಂಗಾ ಅಂತ ಇಟ್ಕೊಳ್ಳಿ. ಹುರಿದು ಸಿಪ್ಪೆ ತೆಗ್ದು ಕೇರೋಷ್ಟರಲ್ಲಿ ಸುಮಾರು ಅರ್ಧ ಕೆಜಿ ಹೋಗಿರತ್ತೆ, ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಎಲ್ಲಾ ಸೇರಿ ಮತ್ತೆ 5 ಕೆಜಿ ಮೇಲಕ್ಕೆ ಬರತ್ತೆ. ಅಂದ್ರೆ 20 ಪ್ಯಾಕೆಟ್. ಇಷ್ಟಕ್ಕೆ ಹುರಿಯೋದು, ಆರ್ಸೋದು, ಸಿಪ್ಪೆ ಉಜ್ಜೋದು, ಕಪ್ಪು ಕಾಳು ಆರ್ಸೋದು, ಬೆಳ್ಳುಳ್ಳಿ ಬಿಡ್ಸೋದು, ಪುಡಿ ಮಾಡೋದು, ತೂಕ, ಸೀಲು, ಸ್ಟಿಕ್ಕರ್ರು, ಆಮೇಲೆ ಪಾತ್ರೆ ತೊಳ್ಯೋದು (ಇದನ್ನ ಯಾರೂ ಲೆಕ್ಕಕ್ಕೇ ತಗೊಳಲ್ಲ), ಒಬ್ಬ್ರೇ ಮಾಡಿದ್ರೆ ಪೂರ್ತಿ ಒಂದು ದಿನದ ಕೆಲ್ಸ. ದಿನಗೂಲಿ 450 ಅಂತ ಹಿಡೀರಿ, ಪ್ಯಾಕೆಟ್‌ಗೆ 22 ರೂಪಾಯಿ ಚಿಲ್ಲರೆ. ಗ್ಯಾಸು 2, ಮಿಕ್ಸಿ ಕರೆಂಟು ರಿಪೇರಿ 2, ಅಂಗಡಿಯಿಂದ ವಾಪಸ್ ಬರೋದು, ಕವರ್ ಹರಿಯೋದು 4, ಓಡಾಟ 3. ನಿಮ್ಮ 60ಕ್ಕೆ ಇದೆಲ್ಲ ಸೇರ್ಸಿದ್ರೆ 93. ಮಾರ್ತಿರೋದು 80ಕ್ಕೆ.

ತಿರುಗ್ಸಿ ನೋಡಿದ್ರೆ ಇನ್ನೂ ಬೇಜಾರಾಗತ್ತೆ. 80ರಲ್ಲಿ ಬೇರೆ ಖರ್ಚೆಲ್ಲ ಕಳೆದ್ರೆ ಅವ್ರ ಕೈಗೆ ಉಳಿಯೋದು 9 ರೂಪಾಯಿ, 20 ಪ್ಯಾಕೆಟ್‌ಗೆ 180. ಬೆಳಗ್ಗಿಂದ ಸಂಜೆವರ್ಗೂ ದುಡಿದು 180! 2025-26ರಲ್ಲಿ ನರೇಗಾ ಕೂಲೀನೇ ನಮ್ಮ ರಾಜ್ಯದಲ್ಲಿ ದಿನಕ್ಕೆ 370 ಇತ್ತು. ಆ 180ರಲ್ಲೂ ಅರ್ಧ ಉದ್ರಿ ಹೋಗಿರತ್ತೆ, ಇನ್ನರ್ಧ ಮನೆ ಹಾಲು ತರಕಾರಿಗೆ ಕರಗಿರತ್ತೆ, ಮತ್ತೆ ಕೈಯಲ್ಲಿ ಎಲ್ಲಿಂದ ನಿಲ್ಲತ್ತೆ.

ನಾನು ಹೇಳೋದು ಮೊದಲ ದಿನದಿಂದ ನಿಮ್ಮ ಕೂಲಿ ಬರ್ಕೊಳ್ಳಿ, ದುಡ್ಡು ತಗೊಳಕ್ಕೆ ಆಗ್ಲಿಲ್ಲ ಅಂದ್ರೂ ಪುಸ್ತಕದಲ್ಲಿ ಬರ್ಕೊಳ್ಳಿ. ನಾಳೆ ಆರ್ಡರ್ ಜಾಸ್ತಿಯಾಗಿ ಇನ್ನೊಬ್ರನ್ನ ಕೆಲ್ಸಕ್ಕೆ ಇಟ್ಕೊಂಡಾಗ ಆ 22 ರೂಪಾಯಿ ನಿಜವಾಗ್ಲೂ ಹೊರಗೆ ಹೋಗತ್ತೆ, ಆವತ್ತು ರೇಟ್ ಏರ್ಸಕ್ಕೆ ಹೋದ್ರೆ ಅಂಗಡಿಯವ್ನು ಕೇಳಲ್ಲ. ಆರ್ಡರ್ ಬಂದಷ್ಟೂ ನಷ್ಟ ಆಗೋ ಬಿಸಿನೆಸ್ ಅಂದ್ರೆ ಇದೇ.

ಧಾರವಾಡ_ಫೇಡಾ

ಅಲ್ರೀ ಅಕ್ಕಾರ, ನಿಮ್ಮ ಲೆಕ್ಕ ಹಾಳ್ಯಾಗ ಛಲೋ ಐತಿ, ಮಾರ್ಕೆಟ್‌ನ್ಯಾಗ? 93 ಅಸಲು ಅಂದ್ರ ಅಂಗಡ್ಯಾವ್ನ ಕಮಿಷನ್ ಸೇರಿ 120-125 ಆತು. ನಮ್ಮ ಕಡೆ ಮನಿಗೊಬ್ರು ಚಟ್ನಿಪುಡಿ ಮಾಡ್ತಾರ, ಸಂಘದಾವ್ರು 85-90ಕ್ಕ ಕೊಡ್ತಾರ, ಅದರ ಮ್ಯಾಲ ಎಲ್ಲಾರ ಮನ್ಯಾಗೂ ಅವ್ವ ಕುಟ್ಟಿದ್ದು ಡಬ್ಬಿ ತುಂಬ ಇರ್ತದ. 125 ಇಟ್ಟು ಕುಂತ್ರ ಪ್ಯಾಕೆಟ್ ಅಲ್ಲೇ ಮುಗ್ಗಲು ಹಿಡೀತದ. ಮೊದ್ಲ ಗಿರಾಕಿ ಹಿಡೀಬೇಕು, ಆಮ್ಯಾಲ ರೇಟು. ನಮ್ಮ ಮಾವಶಿ ಹಂಗs ಮಾಡಿದ್ರು, ಈಗ ಅವರದು ಹುಬ್ಬಳ್ಳ್ಯಾಗ ಸ್ವಂತ ಅಂಗಡಿ ಐತಿ.

ಲೆಕ್ಕದ_ಬುಕ್

@ಧಾರವಾಡ_ಫೇಡಾ ನಿಮ್ಮ ಮಾವಶಿಯವ್ರು ಶುರುವಲ್ಲಿ ಕಮ್ಮಿಗೆ ಕೊಟ್ಟಾಗ ಮನೆ ಖರ್ಚು ಯಾರು ನೋಡ್ಕೋತಿದ್ರು? ಬೇರೆ ಸಂಬಳ ಬರೋ ಮನೆ ಆಗಿದ್ರೆ ಅದು ಕೆಲ್ವು ತಿಂಗ್ಳು ನಡಿಯತ್ತೆ, ಅದನ್ನ ಬಂಡವಾಳ ಅಂತಾನೇ ಕರೀಬೇಕು, ಗಂಡನ ಸಂಬಳದಿಂದ ಬಂದ ಬಂಡವಾಳ. ತಪ್ಪಿಲ್ಲ, ಆದ್ರೆ ಅಷ್ಟೂ ತಿಂಗ್ಳು ಯಾರು ಎಷ್ಟು ಹಾಕ್ತಿದೀವಿ ಅಂತ ಬರ್ದಿಟ್ಕೊಂಡಿರ್ಬೇಕು.

ರೇಟ್ ವಿಷ್ಯಕ್ಕೆ, ಅದೇ ಊರಲ್ಲಿ ಅದೇ ಅಂಗಡೀಲಿ 125 ಹೋಗಲ್ಲ ಅಂದ್ರೆ ನಾನೂ ಒಪ್ತೀನಿ. ಆದ್ರೆ ಸವಿಯವ್ರ ಗಿರಾಕಿ ಅರ್ಧ ಬೆಂಗ್ಳೂರಲ್ಲಿ ಇದಾರೆ, ಅವ್ರಿಗೆ ಗದಗ ರೇಟ್ ಯಾಕೆ? ಇನ್ನೊಂದು, ಮೂರೂ ಪುಡಿಗೂ ಒಂದೇ ರೇಟ್ ಇಟ್ಟಿರೋ ಹಾಗಿದೆ. ಶೇಂಗಾ ಬೇರೆ, ಅಗಸಿ ಬೇರೆ, ಗುರೆಳ್ಳಿನ ರೇಟೇ ಬೇರೆ. ಒಂದೊಂದರದ್ದೂ ಬೇರೆ ಬೇರೆ ಅಸಲು ತೆಗೀರಿ, ಒಂದು ದುಡ್ಡು ತರ್ತಿರತ್ತೆ, ಇನ್ನೊಂದು ಅದನ್ನ ತಿಂತಿರತ್ತೆ. ಊರಿನ ಅಂಗಡಿಗೆ 100 ಗ್ರಾಂ ಸಣ್ಣ ಪ್ಯಾಕೆಟ್ ಮಾಡಿ, ಗಿರಾಕಿ ಕೈಗೆ 50 ರೂಪಾಯಿ ನೋಟು ಸುಲಭಕ್ಕೆ ಬರತ್ತೆ.

ಹಪ್ಪಳ_ಸಂಡಿಗೆ

ಲಿಜ್ಜತ್ ಹಪ್ಪಳದ ಕಥೆ ಎಲ್ರೂ ಹೇಳ್ತಾರೆ, ಏಳು ಹೆಂಗಸ್ರು, 80 ರೂಪಾಯಿ ಸಾಲ, 1959ರಲ್ಲಿ ಮುಂಬೈ ಗಿರ್‌ಗಾಂವ್‌ನಲ್ಲಿ ಒಂದು ಮಹಡಿ ಮೇಲೆ ಶುರು, ಈಗ ನೂರಾರು ಕೋಟಿ, ಜಸ್ವಂತಿ ಬೆನ್ ಪೋಪಟ್ ಅವ್ರಿಗೆ 2021ರಲ್ಲಿ ಪದ್ಮಶ್ರೀ, ಅಷ್ಟಕ್ಕೆ ಚಪ್ಪಾಳೆ ಹೊಡ್ದು ಮುಗಿಸ್ತಾರೆ. ನಂಗೆ ಅದ್ರಲ್ಲಿ ಇಷ್ಟ ಆಗಿದ್ದು ಬೇರೆ ಎರಡು ಸಂಗ್ತಿ.

ನಾವು ಶಿರಸಿ ಕಡೆಯೋರು, ಹಲಸಿನ ಹಪ್ಪಳ ಮಾಡಿ ಮಾರ್ತೀವಿ, ಹಾಗಾಗಿ ಇದು ನೇರ ತಟ್ಟತ್ತೆ. ಅವ್ರಿಗೆ ಮೊದಲ ವರ್ಷ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲ್ಸಾನೇ ನಿಲ್ಸಬೇಕಾಯ್ತು. ಮರುವರ್ಷ ಒಂದು ಮಂಚ, ಒಂದು ಸ್ಟೋವ್ ತಂದ್ರು. ಮಂಚದ ಮೇಲೆ ಹಪ್ಪಳ ಹರವೋದು, ಕೆಳಗೆ ಸ್ಟೋವ್ ಉರ್ಸೋದು. ಅಷ್ಟೇ. ಡ್ರೈಯರ್ ಮಶೀನ್ ತಗೊಳ್ಳಕ್ಕೆ ಲೋನ್ ಬೇಕು ಅಂತ ಕೂತಿದ್ರೆ ಅಲ್ಲೇ ಇರ್ತಿದ್ರು. ನಮ್ಮನೇಲಿ ಅಜ್ಜಿ ಕಾಲದಿಂದ ಅಟ್ಟದ ಮೇಲೆ, ಒಲೆ ಹೊಗೆ ಹೋಗೋ ಜಾಗದಲ್ಲಿ ಒಣಗ್ಸ್ತಿದ್ದದ್ದೂ ಅದೇ ಬುದ್ಧಿ ಅಲ್ದಾ, ಆದ್ರೆ ನಾವು ಅದನ್ನ ವ್ಯಾಪಾರಕ್ಕೆ ಅಂತ ಯೋಚ್ನೆನೇ ಮಾಡಿರ್ಲಿಲ್ಲ.

ಇನ್ನೊಂದು, ಶುರುವಲ್ಲಿ ಅವ್ರು ಎರಡು ಥರ ಹಪ್ಪಳ ಮಾಡ್ತಿದ್ರಂತೆ, ಒಂದು ಒಳ್ಳೇದು, ಒಂದು ಅಗ್ಗದ್ದು. ಅವ್ರಿಗೆ ದಾರಿ ತೋರ್ಸ್ತಿದ್ದ ಛಗನ್‌ಲಾಲ್ ಪಾರೇಖ್ ಅದನ್ನ ನಿಲ್ಸಿ, ಒಂದೇ ಗುಣಮಟ್ಟ ಇಟ್ಕೊಳ್ಳಿ, ಲೆಕ್ಕ ಸರಿಯಾಗಿ ಇಡಿ ಅಂದ್ರು. ರೇಟಿಗೋಸ್ಕರ ಅಗ್ಗದ್ದು ಮಾಡಕ್ಕೆ ಹೋದ್ರೆ ಆ ಅಗ್ಗದ್ದೇ ನಿಮ್ಮ ಹೆಸ್ರಾಗತ್ತೆ ಮಾರಾಯ್ರೆ.

ಲೆಕ್ಕದ_ಬುಕ್

@ಹಪ್ಪಳ_ಸಂಡಿಗೆ ಮುಖ್ಯವಾದ್ದು ಒಂದು ಬಿಟ್ರಿ. ಅಲ್ಲಿ ಹಿಟ್ಟು ಕಲ್ಸೋದು ಸೆಂಟರ್‌ನಲ್ಲಿ, ಬೆನ್‌ಗಳು (ಅಲ್ಲಿನ ಸದಸ್ಯ ಹೆಂಗಸ್ರು) ಬಂದು ಹಿಟ್ಟು ತಗೊಂಡು ಹೋಗಿ ಮನೇಲಿ ಲಟ್ಟಿಸಿ ಒಣಗ್ಸಿ ತಂದ್ಕೊಡ್ತಾರೆ, ತೂಕ, ಕ್ವಾಲಿಟಿ ನೋಡಿ ಲಟ್ಟಿಸಿದ ಕೂಲಿ ಆವತ್ತೇ ಕೊಡ್ತಾರೆ. ಲಾಭದ ಪಾಲು ಆಮೇಲೆ, ಮೊದ್ಲು ಕೂಲಿ. 1959ರಲ್ಲಿ ಅಷ್ಟೇನು ಓದ್ದೇ ಇರೋ ಹೆಂಗಸ್ರು ತಮ್ಮ ಕೈಕೆಲ್ಸಕ್ಕೆ ರೇಟ್ ಕಟ್ಟಿದ್ರು, ನಾವು ಡಿಗ್ರಿ ಮಾಡ್ಕೊಂಡು "ಅಯ್ಯೋ ನಂದೇನು, ಮನೇಲೇ ಇರ್ತೀನಲ್ಲ" ಅಂತೀವಿ.

ಬಿಟಿಎಂ_ಹುಡ್ಗ

ಗ್ಯಾರೇಜ್ ಕಥೆ ಬೇಡ ಅಂದ್ರಿ, ಆದ್ರೂ ಒಂದು ಮಾತು. ಬಯೋಕಾನ್ ಔಷಧಿ ಕಂಪನಿಯ ಕಿರಣ್ ಮಜುಂದಾರ್ ಶಾ ಅವ್ರದ್ದು ಗ್ಯಾರೇಜ್‌ಗಿಂತ ಅದಕ್ಕೆ ಮುಂಚಿನ ಭಾಗ ಚೆನ್ನಾಗಿದೆ. ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಓದಿ ಬ್ರೂ ಮಾಸ್ಟರ್ ಆಗಿ ಬಂದ್ರೂ ಹೆಣ್ಣು ಅಂತ ಇಲ್ಲಿ ಆ ಕೆಲ್ಸ ಸಿಗ್ಲಿಲ್ಲ. 1978ರಲ್ಲಿ ಬೆಂಗ್ಳೂರಲ್ಲಿ ಹತ್ತು ಸಾವಿರ ರೂಪಾಯಿ ಇಟ್ಕೊಂಡು ಬಯೋಕಾನ್ ಶುರು ಮಾಡಿದಾಗ ಮಾಡ್ತಿದ್ದಿದ್ದು ಔಷಧಿ ಅಲ್ಲ, ಪರಂಗಿ ಹಣ್ಣಿನ ಹಾಲಿಂದ ಪಪೈನ್ ಅನ್ನೋ ಕಿಣ್ವ, ಮೀನಿಂದ ತೆಗೆಯೋ ಐಸಿಂಗ್ಲಾಸ್ ಅಂತ ಬಿಯರ್ ತಿಳಿಯಾಗ್ಸೋ ಪದಾರ್ಥ. ಅಂದ್ರೆ ತಮಗೆ ಚೆನ್ನಾಗಿ ಗೊತ್ತಿದ್ದ ಬಿಯರ್ ಲೋಕಕ್ಕೇ ಬೇಕಾದ ಸಾಮಾನು. ಕೊಳ್ಳೋರು ಯಾರು ಅಂತ ಶುರುವಲ್ಲೇ ಗೊತ್ತಿತ್ತು, ಪಾಲುದಾರ ಐರಿಷ್ ಕಂಪನಿ ಬೆನ್ನಿಗಿತ್ತು. ಷೇರು ಮಾರ್ಕೆಟ್‌ಗೆ ಬಂದಿದ್ದು 2004ರಲ್ಲಿ. ಮಧ್ಯೆ 26 ವರ್ಷ ಇದೆ, ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ.

ಕುಡ್ಲದಾಕೆ

ಅದು ಸರಿ, ಆದ್ರೆ ಇಂಥ ದೊಡ್ಡವ್ರ ಉದಾಹರಣೆ ಚಟ್ನಿಪುಡಿಗೆ ತಂದು ಹಚ್ಚುವಾಗ ಸ್ವಲ್ಪ ಜಾಗ್ರತೆ ಬೇಕು. ಆನ್‌ಲೈನಲ್ಲಿ ಮೇಕಪ್ ಸಾಮಾನು ಮಾರುವ ನೈಕಾದ ಫಾಲ್ಗುಣಿ ನಾಯರ್ 50 ವರ್ಷ ಆಗುವ ಹೊತ್ತಿಗೆ 2012ರಲ್ಲಿ ಶುರು ಮಾಡಿದ್ರು, ಯಾವ ವಯಸ್ಸಲ್ಲೂ ಆಗ್ತದೆ ಅಂತ ಎಲ್ಲ ಕಡೆ ಹೇಳ್ತಾರೆ. ಅದಕ್ಕೆ ಮೊದಲು ಅವರು ವರ್ಷಗಟ್ಟಲೆ ಕೊಟಕ್‌ನಲ್ಲಿ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಮಾಡಿದವರು, ದುಡ್ಡು ಇರುವವರ ಪರಿಚಯ, ಕಂಪನಿ ಕಟ್ಟುವುದು ಹೇಗೆ ಅಂತ ಹತ್ತಿರದಿಂದ ನೋಡಿದ ಅನುಭವ ಎಲ್ಲ ಇತ್ತಲ್ಲ. ನಮ್ಮ ಹತ್ರ ಇರುವುದು ಒಂದು ಗ್ರೈಂಡರ್, ಒಂದು ಸ್ಕೂಟಿ, ಮತ್ತೆ ಅತ್ತೆಯ ಅಭಿಪ್ರಾಯ.

ಅತ್ತೆ ಅಂದಾಗ ನೆನಪಾಯ್ತು. ಯಾವ ಟ್ರೈನಿಂಗ್‌ನಲ್ಲೂ ಹೇಳದೆ ಇರುವ ವಿಷಯ ಉಂಟು, ನೆಂಟರಿಷ್ಟರು. ನಾನು ಕೋರಿ ರೊಟ್ಟಿ, ಗುಳಿಯಪ್ಪ ಹಿಟ್ಟು, ಉಪ್ಪಿನಕಾಯಿ ಆರ್ಡರ್ ತಗೊಳ್ತೇನೆ. ಹೊರಗಿನವರು ರೇಟ್ ಕೇಳಿ ದುಡ್ಡು ಕೊಟ್ಟು ಹೋಗ್ತಾರೆ. ನಮ್ಮವರು ಮಾತ್ರ "ನಮಗೂ ಅದೇ ರೇಟಾ?" ಅಂತ ಕೇಳುವುದು, ಮದುವೆಗೆ ಹತ್ತು ಕೆಜಿ ಉಪ್ಪಿನಕಾಯಿ ಮಾಡ್ಸಿ "ಊಟಕ್ಕೆ ಬರ್ತೀಯಲ್ಲ, ಆಗ ಲೆಕ್ಕ ಮಾಡುವ" ಅನ್ನುವುದು. ಮದುವೆ ದಿನ ಲೆಕ್ಕ ಎಲ್ಲಿ ಮಾರಾಯ್ರೆ, ಮದುಮಗಳ ತಾಯಿಯ ಹತ್ರ ಬಿಲ್ ಕೊಡ್ಲಿಕ್ಕೆ ಆಗ್ತದಾ? ಮೊನ್ನೆ ಒಬ್ಬರು ನನ್ನ ಮಾಂಬಳದ ಡಬ್ಬಿ ತಗೊಂಡು ಹೋಗಿ, ತಿಂದು, ಖಾಲಿ ಡಬ್ಬಿ ವಾಪಸ್ ತಂದು "ತುಂಬ್ಸಿ ಕೊಡು" ಅಂದ್ರು. ಡಬ್ಬಿ ಮಾತ್ರ ತೊಳ್ದು ತಂದಿದ್ರು, ಅದೊಂದು ಸಮಾಧಾನ.

ಈಗ ನಾನು ಮಾಡಿದ ವ್ಯವಸ್ಥೆ ಎಂತದು ಅಂದ್ರೆ ಆರ್ಡರ್ ಎಲ್ಲ ವಾಟ್ಸಾಪ್ ಬಿಸಿನೆಸ್ ನಂಬರ್‌ನಲ್ಲಿ ಮಾತ್ರ, ಕ್ಯಾಟಲಾಗ್‌ನಲ್ಲಿ ರೇಟ್ ಬರ್ದು ಉಂಟು, ಅರ್ಧ ಅಡ್ವಾನ್ಸ್ ಬಂದ ಮೇಲೆ ಸಾಮಾನು ತರುವುದು. ಬಾಯಲ್ಲಿ ಹೇಳುವಾಗ ನಾಚಿಕೆ ಆಗ್ತದೆ, ಬರ್ದದ್ದನ್ನು ಕಳಿಸುವಾಗ ಆಗುವುದಿಲ್ಲ. ಮದುವೆ ಮುಯ್ಯಿ ಅಂತ ಕೊಡ್ಲಿಕ್ಕೆ ಇದ್ರೆ ಬೇರೆ ಪ್ಯಾಕ್ ಮಾಡಿ ಉಡುಗೊರೆ ಅಂತಲೇ ಕೊಡ್ತೇನೆ, ಅದನ್ನು ನನ್ನ ಸ್ವಂತ ಖರ್ಚಿಗೆ ಬರ್ಕೊಳ್ತೇನೆ. ವ್ಯಾಪಾರ ವ್ಯಾಪಾರ, ಮುಯ್ಯಿ ಮುಯ್ಯಿ.

ಧಾರವಾಡ_ಫೇಡಾ

@ಕುಡ್ಲದಾಕೆ ಡಬ್ಬಿ ತೊಳ್ದು ತಂದ್ರಲ್ಲಾ 😂😂 ನಮ್ಮ ಕಡೆ ಡಬ್ಬೀನೂ ವಾಪಸ್ ಬರೂದಿಲ್ರೀ.

ಉದ್ರಿ ಬಗ್ಗೆ ಯಾರೂ ಹೇಳ್ಲಿಲ್ಲ. ಸವಿ ಅವರ, ನಿಮ್ಮ ವೈನಿ ಅಂಗಡ್ಯಾಗ ಇಟ್ಟು ಬರೂದೇನು, ಮಾರಾಟ ಆದ ಮ್ಯಾಲ ರೊಕ್ಕಾನೋ, ಹಾಕಿದ ಕೂಡ್ಲೇನೋ? ಮಾರಾಟ ಆದ ಮ್ಯಾಲ ಅಂದ್ರ ಅಲ್ಲೇ ಐತಿ ನೋಡ್ರಿ ನಿಮ್ಮ ಎಂಟು ಸಾವಿರ.

ಸವಿ_ಗದಗ

ಹೌದು ಮಾರಾಟ ಆದ್ಮೇಲೇನೇ. ಅದೂ ಎಷ್ಟು ಮಾರಾಟ ಆಯ್ತು ಅಂತ ಅಂಗಡಿಯವ್ರು ಹೇಳಿದ್ದೇ ಲೆಕ್ಕ. ಒಂದು ಅಂಗಡಿ ಮೂರು ತಿಂಗ್ಳಿಂದ "ಮುಂದಿನ ವಾರ ಬನ್ನಿ ಅಕ್ಕಾ" ಅಂತಾನೇ ಇದಾನೆ. ಅತ್ತಿಗೆ ಕೇಳಕ್ಕೆ ಹೋದ್ರೆ ಚಹಾ ಕುಡ್ಸಿ ಕಳಿಸ್ತಾನಂತೆ. ಜೋರು ಮಾಡಿದ್ರೆ ನಾಳೆಯಿಂದ ಪ್ಯಾಕೆಟ್ ಇಡಲ್ಲ ಅಂತ ಭಯ.

ಲೆಕ್ಕದ_ಬುಕ್

ಆ ಅಂಗಡಿ ಬಿಟ್ಬಿಡ್ಲಿ. ದುಡ್ಡು ಕೊಡದೇ ಇರೋನ ಹತ್ರ ಸೇಲ್ಸ್ ಆಗ್ತಿದೆ ಅಂದ್ರೆ ಆಗ್ತಿಲ್ಲ ಅಂತಾನೇ ಅರ್ಥ. ನಾನು ಮಾಡೋದು ಹಳೇ ಬಾಕಿ ಬಂದ್ರೆ ಮಾತ್ರ ಹೊಸ ಮಾಲು, ಅಷ್ಟೇ ರೂಲ್ಸು, ಎಷ್ಟೇ ಪರಿಚಯ ಇರ್ಲಿ. ಮತ್ತೆ ಡೆಲಿವರಿ ಚಲನ್ ಪುಸ್ತಕ ತಗೊಳ್ಳಿ, ಕಾರ್ಬನ್ ಇರೋದು, ಹಾಕಿದಾಗೆಲ್ಲ ಅಂಗಡಿಯವ್ರ ಸಹಿ. ಸಹಿ ಇದ್ರೆ ಅರ್ಧ ಜನ ತಾವಾಗೇ ಕೊಡ್ತಾರೆ.

ಇನ್ನೊಂದು, ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮದ ನೋಂದಣಿ) ಮಾಡ್ಸಿ. ಸರ್ಕಾರದ ವೆಬ್‌ಸೈಟಲ್ಲಿ ಆಧಾರ್ ಇಟ್ಕೊಂಡು ಫ್ರೀಯಾಗೇ ಆಗತ್ತೆ, ಯಾರೋ ಸಾವಿರ ಎರಡು ಸಾವಿರ ಕೇಳಿದ್ರೆ ಕೊಡ್ಬೇಡಿ. ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಪೇಮೆಂಟ್ ಮಾಡ್ಬೇಕು ಅಂತ ಕಾನೂನಿದೆ, ತಡ ಮಾಡಿದ್ರೆ ಬಡ್ಡಿ. ಆದಾಯ ತೆರಿಗೇಲೂ ಈಗ ಅದಕ್ಕೆ ಸೆಕ್ಷನ್ ಬಂದಿದೆ, ಟೈಮಿಗೆ ಕೊಡ್ದೇ ಇದ್ರೆ ಮಾಲು ಕೊಂಡೋರು ಅದನ್ನ ಆ ವರ್ಷ ಖರ್ಚು ಅಂತ ತೋರ್ಸಕ್ಕೆ ಆಗಲ್ಲ. ಬೀದಿ ಕೊನೆ ಕಿರಾಣಿ ಅಂಗಡಿ ಹತ್ರ ಇದೆಲ್ಲ ನಡ್ಯಲ್ಲ ಬಿಡಿ, ಆದ್ರೆ ದೊಡ್ಡ ಸೂಪರ್ ಮಾರ್ಕೆಟ್‌ಗೆ ಹಾಕಕ್ಕೆ ಹೋದಾಗ ಇದು ಕೆಲ್ಸಕ್ಕೆ ಬರತ್ತೆ, ಅವ್ರ ಆಡಿಟರ್ರೇ ಕೊಟ್ಬಿಡಿ ಅಂತಾರೆ.

ಬಿಟಿಎಂ_ಹುಡ್ಗ

ಯುಪಿಐ ಯಾರ ನಂಬರ್‌ಗೆ ಬರ್ತಿದೆ ಅಂತಾನೂ ನೋಡ್ಕೊಳ್ಳಿ. ಅಣ್ಣನ ಅಕೌಂಟಿಗಾ? 2025ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿಯವ್ರಿಗೆಲ್ಲ ಯುಪಿಐ ಲೆಕ್ಕ ಇಟ್ಕೊಂಡು ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಿದ್ದು ನೆನಪಿದ್ಯಲ್ಲ, ಹಾವೇರಿ ತರಕಾರಿ ವ್ಯಾಪಾರಿಗೆ 29 ಲಕ್ಷದ ನೋಟಿಸ್ ಬಂದು ದೊಡ್ಡ ಸುದ್ದಿ ಆಯ್ತು, ತರಕಾರಿಗೆ ಜಿಎಸ್‌ಟಿನೇ ಇಲ್ಲ! ಎಷ್ಟೋ ಜನ ಯುಪಿಐ ತಗೊಳಲ್ಲ, ಕ್ಯಾಶ್ ಕೊಡಿ ಅಂತ ಬೋರ್ಡ್ ಹಾಕಿದ್ರು. ಅಲ್ಲಿ ತುಂಬಾ ಜನಕ್ಕೆ ಆಗಿದ್ದು ಏನಂದ್ರೆ ಮನೆ ದುಡ್ಡು, ಚೀಟಿ ದುಡ್ಡು, ಕೈಸಾಲ, ವ್ಯಾಪಾರ ಎಲ್ಲಾ ಒಂದೇ ಅಕೌಂಟಲ್ಲಿ, ಯಾವುದು ಯಾವುದು ಅಂತ ತೋರ್ಸಕ್ಕೆ ಆಗ್ಲಿಲ್ಲ. ನಿಮ್ಮ ವ್ಯಾಪಾರ ಜಿಎಸ್‌ಟಿ ನಂಬರ್ ಬೇಕಾಗೋ ವರ್ಷಕ್ಕೆ 40 ಲಕ್ಷದ ಹತ್ರಾನೂ ಇಲ್ಲ, ಹೆದ್ರೋದು ಬೇಡ. ಆದ್ರೂ ಅತ್ತಿಗೆ ಹೆಸ್ರಲ್ಲಿ ಬೇರೆ ಅಕೌಂಟ್, ಬೇರೆ ಕ್ಯೂಆರ್. ಹಾ, ಪುಣೆ ಹೈದ್ರಾಬಾದ್‌ಗೆ ಕೊರಿಯರ್ ಶುರು ಮಾಡೋ ಮುಂಚೆ ಮಾತ್ರ ಆಡಿಟರ್‌ನ ಕೇಳಿ, ಬೇರೆ ರಾಜ್ಯಕ್ಕೆ ಮಾಲು ಮಾರಿದ್ರೆ ವಹಿವಾಟು ಎಷ್ಟೇ ಇದ್ರೂ ಜಿಎಸ್‌ಟಿ ನಂಬರ್ ಕೇಳ್ತಾರೆ.

ಲೆಕ್ಕದ_ಬುಕ್

ಅಕೌಂಟ್ ಅತ್ತಿಗೆ ಹೆಸ್ರಲ್ಲಿ ಇರ್ಬೇಕು ಅನ್ನೋದು ತೆರಿಗೆಗೆ ಮಾತ್ರ ಅಲ್ಲ. ದುಡ್ಡು ಅಣ್ಣನ ಫೋನಿಗೆ ಟಿಂಗ್ ಅಂತಿರೋವರೆಗೂ ಅವ್ರ ಬಿಸಿನೆಸ್ಸು ಅಣ್ಣನ ಕಣ್ಣಲ್ಲಿ ಟೈಮ್‌ಪಾಸೇ. ಲೋನ್‌ಗೆ ಹೋದ್ರೂ ಬ್ಯಾಂಕ್‌ನವ್ರು ಕೇಳೋದು ಅವ್ರದ್ದೇ ಸ್ಟೇಟ್‌ಮೆಂಟು.

ತೊಗರಿ_ನಾಡು

ಲೋನಿನ ಮಾತ್ ಬಂತಲ್ರಿ ಅದ್ಕ ಹೇಳ್ತೀನಿ. ನಾವ್ ಕಲಬುರ್ಗಿ ಕಡಿಯವ್ರು, ರೊಟ್ಟಿ ಮಾಡೋ ಸಂಘದಾಗ ಇದ್ದೀನಿ. ಉದ್ಯೋಗಿನಿ ಅಂತ ಮಹಿಳಾ ಅಭಿವೃದ್ಧಿ ನಿಗಮದ ಸ್ಕೀಮ್ ಐತಿ, ಬ್ಯಾಂಕಿನಾಗ 3 ಲಕ್ಷದ ತನಕ ಸಾಲ, ಎಸ್‌ಸಿ ಎಸ್‌ಟಿ ಹೆಣ್ಮಕ್ಳಿಗೆ ಅರ್ಧ ಸಬ್ಸಿಡಿ, ಉಳಿದವ್ರಿಗೆ 30 ಪರ್ಸೆಂಟು. ಅರ್ಜಿ ಸಿಡಿಪಿಒ (ಮಹಿಳಾ ಮತ್ತು ಮಕ್ಕಳ ಇಲಾಖಿ) ಆಫೀಸಿನಾಗ. ಕೇಂದ್ರದ ಮುದ್ರಾ ಸಾಲದಾಗ ಶಿಶು ಅಂದ್ರ 50 ಸಾವಿರ ತನಕ, ಜಾಮೀನು ಕೇಳಂಗಿಲ್ಲ. ಕೇಳಂಗಿಲ್ಲ ಅಂತ ಕಾಗದದಾಗ ಐತಿ, ನಮ್ಮೂರಿನ ಬ್ಯಾಂಕಿನವ್ರು "ಗಂಡನ ಪಹಣಿ ತೊಗೊಂಡ್ ಬರ್ರಿ" ಅಂದಿದ್ರು. ಸಂಘದಾಗಿನ ನಾವ್ ಎಲ್ಲಾರೂ ಕೂಡೇ ಹೋಗಿ ಅಲ್ಲೇ ಕುಂತ್ವಿ, ಬರ್ದು ಕೊಡ್ರಿ ಅಂದ್ವಿ, ಆಮ್ಯಾಲ ಆತು. ಒಬ್ಬಾಕಿ ಹೋದ್ರ ಆಗ್ತಿರ್ಲಿಲ್ಲ.

ಮಿಷನ್ ತೊಗೊಳ್ಳೋದಿದ್ರ ಪಿಎಂಎಫ್‌ಎಂಇ ಅಂತ ಸಣ್ಣ ಆಹಾರ ಘಟಕದವ್ರಿಗೆ ಸ್ಕೀಮ್ ಐತಿ, ಕೇಂದ್ರದ್ದು 35 ಪರ್ಸೆಂಟು, ನಮ್ಮ ರಾಜ್ಯದ್ದು 15 ಸೇರಿ ಅರ್ಧ ಸಬ್ಸಿಡಿ, ಕೆಪೆಕ್ ಅನ್ನೋ ರಾಜ್ಯದ ನಿಗಮದವ್ರು ನೋಡ್ತಾರ. ಈಗ ಅರ್ಜಿ ತೊಗೊಳ್ತಾರೋ ಇಲ್ಲೋ ಕೃಷಿ ಇಲಾಖಿನಾಗ ಕೇಳಿ ಹೋಗ್ರಿ.

ನಮ್ದೊಂದು ಹೇಳ್ತೀನಿ. ಜ್ವಾಳದ ರೊಟ್ಟಿ ನಮ್ಮ ಕಡಿ ಎಲ್ಲಾ ಹೆಣ್ಮಕ್ಳಿಗೂ ಬರ್ತದ, ಹಂಗಂತ ಅದ್ಕ ಯಾರೂ ಬೆಲಿ ಕೊಡ್ತಿರ್ಲಿಲ್ಲ, ಖಾನಾವಳಿಯವ್ರು ರೊಟ್ಟಿಗೆ ಇಷ್ಟು ಅಂತ ತಾವೇ ಹೇಳಿ ತಾವೇ ಒಯ್ತಿದ್ರು. ಸಂಘ ಸಂಘ ಕೂಡಿ ಕಲಬುರಗಿ ರೊಟ್ಟಿ ಅಂತ ಒಂದ್ ಹೆಸರಿನ ಮ್ಯಾಲ ಮಾರಾಕ ಹತ್ತಿದ ಮ್ಯಾಲ ಆಟ ಬದಲಾತು, ಜಿಲ್ಲಾಡಳಿತದವ್ರು ಜೋಡಿ ನಿಂತ್ರು, ಬೆಂಗ್ಳೂರಾಗ ಕೌಂಟರ್ ಆತು, ಆನ್‌ಲೈನ್ ಆತು, 2025ರಾಗ ಪ್ರಧಾನಿಯವ್ರು ಮನ್ ಕಿ ಬಾತ್‌ನ್ಯಾಗೂ ಹೇಳಿದ್ರು. ಹೆಸರು ಬಂದದ್ದಕ್ಕಿಂತ ನನಗ ದೊಡ್ಡದು ಏನಂದ್ರ ಎಲ್ಲಾರ ರೊಟ್ಟಿಗೂ ಒಂದೇ ಅಳತಿ, ಒಂದೇ ರೇಟು. ಮೊದ್ಲು ಖಾನಾವಳಿಯವ ನನಗ "ಆಕಿ ಐವತ್ತ್ ಪೈಸೆ ಕಮ್ಮಿ ಮಾಡ್ತಾಳ" ಅನ್ನಂವ, ಆಕಿಗೆ ನನ್ನ ಹೆಸರು ಹೇಳಂವ. ಈಗ ಆ ಆಟ ನಡಿಯಂಗಿಲ್ಲ.

ಹಪ್ಪಳ_ಸಂಡಿಗೆ

ಇದು ಕೇಳಕ್ಕೇ ಖುಷಿ. ಕುಂದಗೋಳದ ತೀರ್ಥ ಊರಿನ ಬೀಬಿ ಫಾತಿಮಾ ಸಂಘದವ್ರೂ ಹೀಗೇ, ಸಿರಿಧಾನ್ಯ ಬೀಜದಿಂದ ಶುರು ಮಾಡಿ ಸಿಪ್ಪೆ ತೆಗಿಯೋ ಘಟಕಾನೂ ಹೆಂಗಸ್ರೇ ನಡೆಸ್ತಾರೆ, 2025ರಲ್ಲಿ ವಿಶ್ವಸಂಸ್ಥೆಯ ಯುಎನ್‌ಡಿಪಿ ಕೊಡೋ ಈಕ್ವೇಟರ್ ಪ್ರಶಸ್ತಿ ಬಂತು. ಧಾರವಾಡ ಜಿಲ್ಲೆನೇ, ಸವಿಯವ್ರ ಅತ್ತಿಗೆಗೆ ಬಸ್ಸಲ್ಲಿ ಹೋಗಿ ನೋಡ್ಕೊಂಡು ಬರೋಷ್ಟು ದೂರ. ಶಕ್ತಿ ಟಿಕೆಟ್ ಇದ್ಯಲ್ಲ, ಖರ್ಚೂ ಇಲ್ಲ.

ಕುಡ್ಲದಾಕೆ

ನನಗೆ ಸಂಘದ ಮಾತು ಪೂರ್ತಿ ಒಪ್ಪಿಗೆ ಇಲ್ಲ, ಕ್ಷಮಿಸಿ. ಸಂಘದಲ್ಲಿ ಕೆಲಸ ಮಾಡುವವರು ಇಬ್ಬರು, ಫೋಟೋಕ್ಕೆ ನಿಲ್ಲುವವರು ಹತ್ತು ಜನ, ಅದನ್ನೂ ನೋಡಿದ್ದೇನೆ. ಸಾಲ ಸಂಘದ ಹೆಸರಲ್ಲಿ ತೆಗ್ದು ಹಂಚಿಕೊಂಡು ಮಗಳ ಮದುವೆಗೆ, ಮನೆ ರಿಪೇರಿಗೆ ಹಾಕುವುದೂ ಉಂಟು, ಆಮೇಲೆ ವಾರದ ಕಂತು ಕಟ್ಟಲಿಕ್ಕೆ ಒದ್ದಾಟ. ರೊಟ್ಟಿ ಸಂಘದ ಹಾಗೆ ಮಾಡಿದ ಕೆಲಸಕ್ಕೆ ತಕ್ಕ ಹಾಗೆ ದುಡ್ಡು ಹಂಚುವ ವ್ಯವಸ್ಥೆ ಇದ್ರೆ ಸರಿ. ಎಲ್ಲರಿಗೂ ಸಮ ಪಾಲು ಅಂದ್ರೆ ಆರು ತಿಂಗಳಲ್ಲಿ ಜಗಳ.

ತೊಗರಿ_ನಾಡು

ಖರೇ ಅದ ಅಕ್ಕ. ಅದ್ಕೇ ನಮ್ಮಲ್ಲಿ ಯಾರ್ ಎಷ್ಟ್ ರೊಟ್ಟಿ ಬಡದ್ರು ಅಂತ ದಿನಾ ಬರಿತೀವಿ, ರೊಟ್ಟಿಗಿಷ್ಟು ಕೂಲಿ, ಉಳಿದದ್ದು ಸಂಘಕ್ಕ. ಬರಿಯೋ ಕೆಲಸ ಮಾಡಾಕಿಗೂ ಕೂಲಿ ಅದ. ಮೊದ್ಲು ಅದ್ಕ ಕೊಡ್ತಿರ್ಲಿಲ್ಲ, ಯಾರೂ ನೆಟ್ಟಗ ಬರಿತಿರ್ಲಿಲ್ಲ.

ಸನ್ನಿವೇಲ್_ಸೊಸೆ

ಕ್ಯಾಲಿಫೋರ್ನಿಯಾದಿಂದ ಒಂದು ಸಣ್ಣ ಸೇರ್ಪಡೆ. ಇಲ್ಲಿ ಮನೇಲಿ ಮಾಡಿ ಮಾರಕ್ಕೆ ಕಾಟೇಜ್ ಫುಡ್ ಅಂತ ಕಾನೂನಿದೆ, 2013ರಿಂದ. ಫ್ರಿಜ್ ಬೇಡದ ಪದಾರ್ಥ ಮಾತ್ರ, ಕೌಂಟಿ (ಇಲ್ಲಿನ ಜಿಲ್ಲಾಡಳಿತ) ಹತ್ರ ರಿಜಿಸ್ಟ್ರೇಷನ್ ಅಥವಾ ಪರ್ಮಿಟ್ ಬೇಕು, ಲೇಬಲ್ ಮೇಲೆ ಮನೆ ಅಡುಗೆಮನೇಲಿ ಮಾಡಿದ್ದು ಅಂತ ಹಾಕ್ಬೇಕು, ಕಡಲೇಕಾಯಿ ಇದ್ರೆ ಅಲರ್ಜಿ ಅಂತ ಕಡ್ಡಾಯ ಬರೀಬೇಕು. ಇಲ್ಲಿ ಕನ್ನಡ ಹೆಂಗಸ್ರು ಚಕ್ಲಿ, ಪುಡಿ ಎಲ್ಲಾ ಮಾಡಿ ಮಾರ್ತಾರೆ, ರೇಟ್ ಹೇಳೋವಾಗ ಅವ್ರೂ ಧ್ವನಿ ಇಳಿಸ್ತಾರೆ, ಅದೊಂದು ವಿಮಾನ ಹತ್ತಿ ಇಲ್ಲೀವರ್ಗೂ ಬಂದಿದೆ.

ಸವಿ_ಗದಗ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಊರಿಗೆ ಹೋಗಿದ್ದೆ, ಲೆಕ್ಕದ ಬುಕ್ ಅಕ್ಕ ಹಾಕಿದ ಲೆಕ್ಕ ಅತ್ತಿಗೆಗೆ ತೋರ್ಸ್ದೆ. ಮೊದ್ಲು ಸಿಟ್ಟೇ ಬಂತು ಅವ್ರಿಗೆ, "ಅಂದ್ರ ಇಷ್ಟ್ ದಿನ ಪುಕ್ಕಟೆ ದುಡದ್ನೇನು" ಅಂತ. ಆಮೇಲೆ ಅವ್ರೇ ಕೂತು ಗುರೆಳ್ಳಿಂದು ಬೇರೆ ಲೆಕ್ಕ ಹಾಕಿದ್ರು, ಅದು ಶೇಂಗಾಕ್ಕಿಂತ ಜಾಸ್ತಿ ಬೀಳ್ತಿದೆ, ಆದ್ರೂ ಅದೇ 80ಕ್ಕೆ ಕೊಡ್ತಿದ್ರು. ಗುರೆಳ್ಳು ಆರ್ಡರ್ ಕೊಟ್ರೆ ಮಾತ್ರ ಅಂತ ಮಾಡಿದೀವಿ. ಬೆಂಗ್ಳೂರು ಗಿರಾಕಿಗೆ ಶೇಂಗಾ 125, ಊರಲ್ಲಿ 100 ಗ್ರಾಂ 50. ಮೂರು ತಿಂಗ್ಳು ಬಾಕಿ ಇಟ್ಟಿರೋ ಅಂಗಡಿಗೆ ಈ ವಾರ ಮಾಲು ಹಾಕಿಲ್ಲ, ಅವ್ನೇ ಫೋನ್ ಮಾಡಿ ಗಿರಾಕಿ ಕೇಳ್ತಿದಾರೆ ಅಂದ, ಅತ್ತಿಗೆ "ಮೊದ್ಲ ಹಳೇದು ಕೊಡ್ರಿ" ಅಂದ್ರಂತೆ. ಅರ್ಧ ಕೊಟ್ಟಿದಾನೆ. ಅಣ್ಣ ಕೂಲಿ 450 ಅಂತ ಬರ್ದಿರೋದು ನೋಡಿ "ಯಾರಿಗೆ ಕೂಲಿ?" ಅಂದ, ಅದ್ರ ಮೇಲೆ ಮನೇಲಿ ಇನ್ನೂ ಚರ್ಚೆ ನಡೀತಿದೆ, ಇಲ್ಲಿ ಬರೆಯೋ ಹಾಗಿಲ್ಲ.

ಇನ್ನೊಂದು ಡೌಟು. ಕೆಲವು ಪ್ಯಾಕೆಟ್ ಒಂದೂವರೆ ತಿಂಗ್ಳಿಗೆ ಕಮಟು ವಾಸನೆ ಬಂತು ಅಂತ ವಾಪಸ್ ಬಂದಿದೆ. ಏನ್ ಮಾಡೋದು? ಮತ್ತೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಂದಣಿ) ಇನ್ನೂ ಮಾಡ್ಸಿಲ್ಲ.

ಲೆಕ್ಕದ_ಬುಕ್

ಎಫ್‌ಎಸ್‌ಎಸ್‌ಎಐ ಮೊದ್ಲು ಮಾಡ್ಸಿ, ಇವತ್ತೇ. ಸಣ್ಣ ವ್ಯಾಪಾರಕ್ಕೆ ಬೇಸಿಕ್ ರಿಜಿಸ್ಟ್ರೇಷನ್ ಸಾಕು, ನಾನು ಮಾಡಿಸಿದಾಗ ಫೀಸು ವರ್ಷಕ್ಕೆ 100 ರೂಪಾಯಿ ಇತ್ತು, ನೀವೇ ಆನ್‌ಲೈನಲ್ಲಿ ಹಾಕ್ಬಹುದು. ಆ 14 ಅಂಕಿ ನಂಬರ್ ಪ್ಯಾಕೆಟ್ ಮೇಲೆ ಬರ್ಬೇಕು, ಜೊತೆಗೆ ಏನೇನ್ ಹಾಕಿದೆ, ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ದಿನ, ಎಷ್ಟು ದಿನದೊಳಗೆ ಬಳಸ್ಬೇಕು, ಬ್ಯಾಚ್ ನಂಬರ್, ವಿಳಾಸ, ಹಸಿರು ಚುಕ್ಕಿ. ಶೇಂಗಾ ಇದೆ ಅಂತ ಎದ್ದು ಕಾಣೋ ಹಾಗೆ ಹಾಕಿ, ಅಲರ್ಜಿ ಇರೋರು ಇಲ್ಲೂ ಇದಾರೆ.

ಕಮಟು ವಾಸನೆ ಶೇಂಗಾ ಎಣ್ಣೆದು. ಹುರಿದಿದ್ದನ್ನ ಪೂರ್ತಿ ಆರ್ಸ್ದೇ ಮಿಕ್ಸಿಗೆ ಹಾಕಿದ್ರೆ ಎಣ್ಣೆ ಬಿಡತ್ತೆ, ಮಿಕ್ಸೀನ ಜಾಸ್ತಿ ಹೊತ್ತು ತಿರುಗ್ಸಿದ್ರೂ ಬಿಸಿಯಾಗಿ ಬಿಡತ್ತೆ, ತಡೆದು ತಡೆದು ತಿರುಗ್ಸ್ಬೇಕು. ಬೆಚ್ಚಗಿರೋವಾಗ್ಲೇ ಸೀಲ್ ಮಾಡಿದ್ರೆ ಕವರ್ ಒಳಗೆ ಬೆವ್ರು ಕೂರತ್ತೆ, ಕೈಲಿ ಮುಟ್ಟಿದ್ರೆ ಗೊತ್ತಾಗಲ್ಲ, ಎರಡು ದಿನ ಬಿಟ್ಟು ಬೆಳಕಿಗೆ ಹಿಡಿದು ನೋಡಿ. ಬೆಳ್ಳುಳ್ಳೀನ ಹಸಿ ಹಾಕ್ತಿದ್ರೆ ನಿಲ್ಸಿ, ಹುರಿದು ಗರಿ ಮಾಡಿ ಹಾಕ್ಲಿ. ಒಳಗೆ ಬೆಳಕು ಕಾಣೋ ತೆಳು ಕವರ್ ಬಿಟ್ಟು ಬೆಳ್ಳಿ ಬಣ್ಣದ ದಪ್ಪ ಪೌಚ್ ತಗೊಳ್ಳಿ, ಪ್ಯಾಕೆಟ್‌ಗೆ ಎರಡು ರೂಪಾಯಿ ಜಾಸ್ತಿ ಬೀಳತ್ತೆ, ವಾಪಸ್ ಬರೋ 4 ರೂಪಾಯಲ್ಲಿ ಅದು ಗಿಟ್ಟತ್ತೆ. ಲೇಬಲ್ ಮೇಲೆ ಮೂರು ತಿಂಗ್ಳು ಅಂತ ಹಾಕೋ ಮುಂಚೆ ಪ್ರತಿ ಬ್ಯಾಚಿಂದ ಎರಡು ಪ್ಯಾಕೆಟ್ ಮನೇಲಿ ಎತ್ತಿಟ್ಟು, ತಿಂಗ್ಳಿಗೊಂದ್ಸಲ ಒಡೆದು ನೋಡ್ಲಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಲಿ ಇಂಥ ವಿಷ್ಯಕ್ಕೆ ಸಣ್ಣ ಕೋರ್ಸ್‌ಗಳೂ ನಡೀತವೆ, ಫೀಸ್ ಸ್ವಲ್ಪ ಜಾಸ್ತಿ. ಫ್ರೀ ಬೇಕಂದ್ರೆ ರುಡ್‌ಸೆಟ್ ಅನ್ನೋ ಸ್ವ ಉದ್ಯೋಗ ತರಬೇತಿ ಸಂಸ್ಥೆ, 1982ರಲ್ಲಿ ಉಜಿರೆಲಿ ಶುರುವಾಗಿದ್ದು, ಧಾರವಾಡದಲ್ಲೂ ಇದೆ, ಊಟ ವಸತಿ ಸಮೇತ.

ಧಾರವಾಡ_ಫೇಡಾ

ಆತ್ರಿ ಅಕ್ಕಾರ, 125 ಹೋಗ್ತದೋ ಇಲ್ಲೋ ನಾನೂ ನೋಡ್ತೀನಿ. ಸವಿ ಅವರ, ಶೇಂಗಾ ಎರಡು, ಅಗಸಿ ಒಂದು ನನ್ನ ಹೆಸರಿಗೆ ಬರ್ಕೊಳ್ರಿ, ಅಡ್ವಾನ್ಸ್ ಯಾವ ನಂಬರಿಗೆ ಹಾಕ್ಲಿ? ಅಣ್ಣಂದು ಬ್ಯಾಡ, ವೈನಿದು ಕೊಡ್ರಿ.